ಅಕಾರ್ಡಿಯನ್ ಸಾಕಾ, ಬ್ಯಾಂಡೋನಿಯನ್ ಬೇಕಾ? ಪಿಯಾಜೊಲಾ ನುಡಿಸಲು ಹೊರಟವರು ಅನುಭವ ಹೇಳಿ

ಗಾಳಿಪೆಟ್ಟಿಗೆ:
ಎಲ್ಲರಿಗೂ ನಮಸ್ಕಾರ. ಬೆಂಗಳೂರಿನವನು, ವಯಸ್ಸು 36. ಹನ್ನೊಂದು ವರ್ಷದಿಂದ ಪಿಯಾನೋ ಅಕಾರ್ಡಿಯನ್ ನುಡಿಸುತ್ತಿದ್ದೇನೆ. ಅರ್ಜೆಂಟೀನಾದ ಟ್ಯಾಂಗೋ ಸಂಯೋಜಕ ಆಸ್ಟರ್ ಪಿಯಾಜೊಲಾ ಅವರ ಎರಡನೇ ಕ್ವಿಂಟೆಟ್, ಅಂದರೆ ಐದು ಜನರ ತಂಡ (1978ರಿಂದ 1988ರವರೆಗಿನದು) ಕೇಳಿದ ಮೇಲೆ ಬೇರೆ ಏನೂ ರುಚಿಸುತ್ತಿಲ್ಲ. ಪಿಟೀಲು, ಪಿಯಾನೋ, ಎಲೆಕ್ಟ್ರಿಕ್ ಗಿಟಾರ್‌ಗೆ ಗೆಳೆಯರು ಸಿಕ್ಕಿದ್ದಾರೆ. ಡಬಲ್ ಬೇಸ್ ಇನ್ನೂ ಇಲ್ಲ. ಕೈಯಲ್ಲಿ 2 ಲಕ್ಷ ಇದೆ. ಅವರು ನುಡಿಸುತ್ತಿದ್ದ ಗುಂಡಿಗಳ ತಿದಿವಾದ್ಯ ಬ್ಯಾಂಡೋನಿಯನ್ ಹಳೇದೊಂದು ಕೊಳ್ಳಲೋ, ಇರುವ ಅಕಾರ್ಡಿಯನ್‌ನಲ್ಲೇ ಮುಂದುವರಿಯಲೋ? ಮೊದಲು ಜಾಝ್ ಕಲಿಯಬೇಕಾ? ದಯವಿಟ್ಟು ತಿಳಿದವರು ಹೇಳಿ.

ಕಡಲತಡಿ:
ನಾನು ಕೊಂಡೆ. 2018ರಲ್ಲಿ. ಆಲ್ಫ್ರೆಡ್ ಆರ್ನಾಲ್ಡ್ ಕಂಪನಿಯ 142 ಸ್ವರದ ಪೆಟ್ಟಿಗೆ, ಎರಡನೇ ಮಹಾಯುದ್ಧಕ್ಕೂ ಮೊದಲಿನದು. ಜರ್ಮನಿಯ ಒಬ್ಬ ವ್ಯಾಪಾರಿಗೆ 4,200 ಯೂರೋ ಕೊಟ್ಟೆ. ಆಗಿನ ಲೆಕ್ಕಕ್ಕೆ 3 ಲಕ್ಷ 36 ಸಾವಿರ. ಸಾಗಣೆ, ವಿಮೆ ಸೇರಿ 19,000. ಕಸ್ಟಮ್ಸ್‌ನಲ್ಲಿ ಕಟ್ಟಿದ್ದು ಬೇರೆ. ಆ ರಸೀದಿ ನೋಡಿದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. "ಪೂರ್ತಿ ಶ್ರುತಿ ಮಾಡಿ ಕಳಿಸಿದ್ದೇವೆ" ಅಂತ ಬರೆದಿದ್ದರು. ಪೆಟ್ಟಿಗೆ ಬಿಚ್ಚಿದ ದಿನವೇ ಎಡಗೈಯ ಮೂರು ಗುಂಡಿ ಒತ್ತಿದರೆ ಬರೀ ಗಾಳಿ ಬಂತು. ಸ್ವರವೇ ಇಲ್ಲ.

ನಮ್ಮದು ಮಂಗಳೂರು. ಜುಲೈ ಬಂತು. ಒಳಗಿನ ತೊಗಲಿನ ಪಟ್ಟಿಗಳು ಮುರುಟಿಕೊಂಡವು. ರೀಡ್‌ಗಳ ಮೇಲೆ ಕಂದು ಚುಕ್ಕೆ ಎದ್ದಿತು. ಹಾರ್ಮೋನಿಯಂ ರೀಡ್ ಹಿತ್ತಾಳೆಯದು, ಮಳೆಗಾಲ ತಡೆದುಕೊಳ್ಳುತ್ತದೆ. ಇದು ಸತುವಿನ ಪ್ಲೇಟಿನ ಮೇಲೆ ಕೂರಿಸಿದ ಉಕ್ಕು. ಹಾರ್ಮೋನಿಯಂ ರಿಪೇರಿ ಮಾಡುವ ಒಬ್ಬ ಹಿರಿಯರ ಹತ್ತಿರ ಒಯ್ದೆ. ಅವರು ಪ್ಲೇಟನ್ನು ಕಿಟಕಿ ಬೆಳಕಿಗೆ ಹಿಡಿದರು. ಒಂದು ರೀಡನ್ನು ಉಗುರಿನಿಂದ ಮೆಲ್ಲಗೆ ಮೀಟಿದರು. ಕಿವಿಯ ಹತ್ತಿರ ತಂದು ಇನ್ನೊಮ್ಮೆ ಮೀಟಿದರು. "ಇದಕ್ಕೆ ನಾನು ಅರ ಹಾಕುವುದಿಲ್ಲ ಮಾರಾಯ್ರೆ. ಕೈ ಜಾರಿದರೆ ಇಂಥದ್ದು ಇನ್ನೊಂದು ಎಲ್ಲಿಂದ ತರುವುದು?" ಅಂದರು. ಅಷ್ಟು ಪ್ರಾಮಾಣಿಕ ಮನುಷ್ಯ. ಮತ್ತೆ ಜರ್ಮನಿಗೇ ಕಳಿಸಿದೆ. ಹೋಗಿಬರುವ ಖರ್ಚು 31,000, ರಿಪೇರಿ 900 ಯೂರೋ, ಏಳು ತಿಂಗಳು ಕಾಯುವುದು. ಈಗ ಬೀರುವಿನಲ್ಲಿ 15 ವ್ಯಾಟಿನ ಬಲ್ಬ್ ಹೊತ್ತಿಸಿ ಅದರ ಪಕ್ಕ ಇಟ್ಟಿದ್ದೇನೆ.

ಕಲಿಕೆ ಇನ್ನೂ ಕಷ್ಟ. ಬಲಗೈಗೆ 38 ಗುಂಡಿ, ಎಡಗೈಗೆ 33. ಎಳೆದರೆ ಒಂದು ಸ್ವರ, ಒತ್ತಿದರೆ ಇನ್ನೊಂದು. ಅಂದರೆ ನಾಲ್ಕು ಬೇರೆ ಬೇರೆ ಕೀಬೋರ್ಡ್ ಬಾಯಿಪಾಠ ಮಾಡಬೇಕು. ನಾಲ್ಕೂ ನಕ್ಷೆ ಅಡುಗೆಮನೆ ಗೋಡೆಗೆ ಅಂಟಿಸಿದ್ದೆ. ಹದಿನಾಲ್ಕು ತಿಂಗಳು ಬರೀ ಸ್ಕೇಲ್. ಆದರೆ ಪೆಟ್ಟಿಗೆ ತೊಡೆಯ ಮೇಲಿಟ್ಟು, ಮೊಣಕಾಲಿನ ಒಂದು ಜರ್ಕಿಗೆ ತಿದಿ ತೆರೆದು ಹೊಡೆಯುವ ಆ ಏಟು ಇದೆಯಲ್ಲ, ಅದು ಅಕಾರ್ಡಿಯನ್‌ಗೆ ಬರಲ್ಲ. ಏನೇ ಮಾಡಿದರೂ ಬರಲ್ಲ.

ನೂರಿಪ್ಪತ್ತು ಬೇಸ್:
ಬರುತ್ತದೆ. ನಾನು ಒಂಬತ್ತು ವರ್ಷದಿಂದ ನುಡಿಸುತ್ತಿದ್ದೇನೆ, ಜನ ಕೂತು ಕೇಳುತ್ತಾರೆ. ನನ್ನ ಅಕಾರ್ಡಿಯನ್ ಮೊದಲು ಮ್ಯೂಸೆಟ್ ಶ್ರುತಿಯಲ್ಲಿತ್ತು, ಸ್ವರ ನಡುಗುತ್ತಿತ್ತು. ಟ್ಯಾಂಗೋಗೆ ಆ ನಡುಕ ಹೊಂದುವುದೇ ಇಲ್ಲ. ನಡುಕ ತೆಗೆಸಿ ನೇರ ಶ್ರುತಿ ಮಾಡಿಸಲು 38,000 ಆಯಿತು. ಈಗ ಮಂದ್ರದ ರೀಡ್, ಮಧ್ಯದ ರೀಡ್ ಎರಡೇ ಹಾಕಿ ನುಡಿಸುತ್ತೇನೆ. ಎಷ್ಟೋ ಅಕಾರ್ಡಿಯನ್‌ಗಳಲ್ಲಿ ಆ ಸ್ವಿಚ್ಚಿನ ಹೆಸರೇ ಬ್ಯಾಂಡೋನಿಯನ್.

ನಿಜವಾದ ತೊಂದರೆ ಎಡಗೈಯದು. ಸಾಮಾನ್ಯ ಅಕಾರ್ಡಿಯನ್‌ನ ಎಡಗೈಯಲ್ಲಿ ಕಟ್ಟಿಟ್ಟ ಕಾರ್ಡ್ (ಒಟ್ಟಿಗೆ ಮೊಳಗುವ ಸ್ವರಗಳ ಗುಂಪು) ಬರುತ್ತದೆ, ಬಿಡಿ ಸ್ವರದ ಓಟ ಬರುವುದಿಲ್ಲ. ಪಿಯಾಜೊಲಾ ಅವರ ಎಡಗೈಯೋ, ಬಲಗೈ ಜೊತೆ ಜಗಳಕ್ಕೆ ನಿಂತ ಹಾಗೆ ಓಡುತ್ತದೆ. ಅದಕ್ಕಾಗಿ ಫ್ರೀ ಬೇಸ್ ಕನ್ವರ್ಟರ್ ಇರುವ ಸೆಕೆಂಡ್ ಹ್ಯಾಂಡ್ ಒಂದನ್ನು 2 ಲಕ್ಷ 60 ಸಾವಿರಕ್ಕೆ ತಗೊಂಡೆ. ತೂಕ 12 ಕೆಜಿ ಮೇಲಿದೆ. ಬೆನ್ನಿಗೆ ಫಿಸಿಯೋಥೆರಪಿ ಹದಿನಾರು ಸಲ, ಸಲಕ್ಕೆ 600. ಆದರೂ ಒಂದು ದಿನವೂ ಪಶ್ಚಾತ್ತಾಪ ಪಟ್ಟಿಲ್ಲ.

ಕಡಲತಡಿ:
ಸರ್, ನೀವು ಖರ್ಚು ಮಾಡಿದ್ದಕ್ಕೆ ಒಳ್ಳೇ ಬ್ಯಾಂಡೋನಿಯನ್ ಹತ್ತಿರ ಹತ್ತಿರ ಬರುತ್ತಿತ್ತು.

ನೂರಿಪ್ಪತ್ತು ಬೇಸ್:
ಬಂದು ಬೀರುವಿನಲ್ಲಿ ಕೂರುತ್ತಿತ್ತು. ನಾನು ವರ್ಷವಿಡೀ ನುಡಿಸುತ್ತೇನೆ.

ಮಿಲೋಂಗಾ ಹುಡುಗಿ:
ನಾನು ಟ್ಯಾಂಗೋ ಕುಣಿಯುವವಳು, ಹತ್ತು ವರ್ಷ ಆಯಿತು. 2016ರಲ್ಲಿ ಉಳಿತಾಯವೆಲ್ಲ ಸುರಿದು ಐದು ವಾರ ಬ್ಯೂನಸ್ ಐರಿಸ್‌ಗೆ ಹೋಗಿದ್ದೆ. ಟಿಕೆಟ್ 1,38,000, ಚಪ್ಪಲಿ 11,000, ರೂಮು ಬೇರೆ. ಇಪ್ಪತ್ತೆರಡು ರಾತ್ರಿ ಮಿಲೋಂಗಾಗಳಲ್ಲಿ, ಅಂದರೆ ಟ್ಯಾಂಗೋ ಕುಣಿತದ ಕೂಟಗಳಲ್ಲಿ, ಬೆಳಗಿನ ಜಾವದವರೆಗೂ ಇದ್ದೆ. ದಿ ಸಾರ್ಲಿ, ದಾರಿಯೆನ್ಸೊ, ಟ್ರೊಯ್ಲೊ, ಪುಗ್ಲಿಯೇಸೆ ಅವರ ಹಳೇ ಟ್ಯಾಂಗೋ ಆರ್ಕೆಸ್ಟ್ರಾಗಳನ್ನು ಹಾಕಿದರು. ಕುಣಿಯುವ ನೆಲದ ಮೇಲೆ ಪಿಯಾಜೊಲಾ ಅವರ ಕ್ವಿಂಟೆಟ್ ನನಗೆ ಒಂದು ರಾತ್ರಿಯೂ ಸಿಗಲಿಲ್ಲ. ನನ್ನ ಜೊತೆ ಕುಣಿದ ಒಬ್ಬ ಅಜ್ಜ, "ಅದು ಕೂತು ಕೇಳುವುದಕ್ಕೆ" ಅಂತಷ್ಟೇ ಹೇಳಿದರು.

ಪಿಯಾಜೊಲಾ ಅವರೂ 1939ರಿಂದ 1944ರವರೆಗೆ ಟ್ರೊಯ್ಲೊ ಅವರ ಆರ್ಕೆಸ್ಟ್ರಾದಲ್ಲಿ ಕೂತು ನುಡಿಸಿದವರೇ. ಕುಣಿತದ ಟ್ಯಾಂಗೋ ಮೈಗೆ ಹತ್ತಿದ ಮೇಲೆ ಅದನ್ನು ದಾಟಿದರು. ನಮ್ಮಲ್ಲಿ ಎಲ್ಲರೂ ದಾಟುವುದರಿಂದಲೇ ಶುರು ಮಾಡುತ್ತಾರೆ. ನನಗೆ ಬೇಜಾರು ಅದಕ್ಕೇ.

ಹಾಂ, ಅಲ್ಲಿಂದ ಬ್ಯಾಂಡೋನಿಯನ್ ತರಿಸುವ ಯೋಚನೆ ಇದ್ದರೆ ಬಿಡಿ. 40 ವರ್ಷ ದಾಟಿದ ಪೆಟ್ಟಿಗೆಗಳು ದೇಶದಿಂದ ಹೊರಗೆ ಹೋಗದ ಹಾಗೆ 2009ರಲ್ಲಿ ಕಾನೂನು ಮಾಡಿದ್ದಾರೆ.

ಆರು ತಂತಿ:
ಮೇಡಂ, ಕುಣಿಯಲು ಆಗದ್ದೆಲ್ಲ ಟ್ಯಾಂಗೋ ಅಲ್ಲ ಅನ್ನುವ ಮಾತು ಕೇಳಿ ಕೇಳಿ ಸಾಕಾಗಿದೆ. ಪಿಯಾಜೊಲಾ ಅವರನ್ನು ಇದೇ ಮಾತಿನಿಂದಲೇ ಜೀವನವಿಡೀ ಹಿಂಸೆ ಮಾಡಿದರು.

ಮಿಲೋಂಗಾ ಹುಡುಗಿ:
ಟ್ಯಾಂಗೋ ಅಲ್ಲ ಅಂತ ನಾನು ಎಲ್ಲಿ ಹೇಳಿದೆ? ಇನ್ನೊಮ್ಮೆ ಓದಿ. ಮೊದಲು ಹಳೆಯದನ್ನು ಕೇಳಿ ಅಂದೆ.

ಆರು ತಂತಿ:
ಸರಿ, ನನ್ನ ಕಥೆ ಹೇಳುತ್ತೇನೆ. ನಾನು ಗಿಟಾರ್‌ನವನು. 1954ರಲ್ಲಿ ಪ್ಯಾರಿಸ್‌ನಲ್ಲಿ ಜೆರ್ರಿ ಮುಲ್ಲಿಗನ್ ಅವರ ಜಾಝ್ ತಂಡ ಕೇಳಿ ಮರುಳಾದೆ ಅಂತ ಪಿಯಾಜೊಲಾ ಹೇಳಿಕೊಂಡಿದ್ದಾರೆ. 1955ರಲ್ಲಿ ಬ್ಯೂನಸ್ ಐರಿಸ್‌ಗೆ ವಾಪಸ್ ಬಂದು ಎಂಟು ಜನರ ತಂಡ ಕಟ್ಟಿದರು. ಅದರಲ್ಲಿ ಎಲೆಕ್ಟ್ರಿಕ್ ಗಿಟಾರ್ ಹಿಡಿದವರು ಜಾಝ್‌ನಿಂದ ಬಂದ ಒರಾಸಿಯೊ ಮಾಲ್ವಿಸಿನೊ. ಇದನ್ನು ಓದಿದ್ದೇ ತಡ, ನಾನೂ ಜಾಝ್ ಕಲಿಯಲು ಹೊರಟೆ. ಎರಡೂವರೆ ವರ್ಷ, ಆನ್‌ಲೈನ್ ಪಾಠಕ್ಕೆ 1 ಲಕ್ಷ 10 ಸಾವಿರ. ಆಮೇಲೆ ನಾಲ್ವರು ಸೇರಿದೆವು. ಎಲ್ಲರಿಗೂ ಸೋಲೋ ಬೇಕು. ಐದು ನಿಮಿಷದ ತುಣುಕು ಹದಿನಾಲ್ಕು ನಿಮಿಷ ಆಯಿತು. ರೆಕಾರ್ಡಿಂಗ್ ಕೇಳಿದರೆ ಅದರಲ್ಲಿ ಟ್ಯಾಂಗೋ ಎಲ್ಲೂ ಇರಲಿಲ್ಲ. ತಂಡ ಒಡೆಯಿತು, ಒಬ್ಬ ಒಳ್ಳೇ ಸ್ನೇಹಿತ ಈಗಲೂ ಮಾತಾಡುವುದಿಲ್ಲ.

ನನಗೆ ತಡವಾಗಿ ತಿಳಿದದ್ದು ಇಷ್ಟು. ಅವರ ಸಂಗೀತದಲ್ಲಿ ಬಹುಪಾಲು ಬರೆದೇ ಇದೆ. ಜಾಝ್‌ನಿಂದ ಬಂದದ್ದು ಕಾರ್ಡ್‌ಗಳ ಬಣ್ಣ, ಹೆಜ್ಜೆ ಹಾಕಿದ ಹಾಗೆ ಸಾಗುವ ಬೇಸ್, ಅಲ್ಲಲ್ಲಿ ಒಬ್ಬನಿಗೆ ಬಿಟ್ಟುಕೊಟ್ಟ ಜಾಗ. ಸ್ವಿಂಗ್, ಅಂದರೆ ಜಾಝ್‌ನ ಆ ತೂಗುವ ಲಯ, ಬರಲಿಲ್ಲ. ಜಾಸ್ತಿ ಮನೋಧರ್ಮ ಬೇಕಿದ್ದರೆ ಎರಡನೇ ಕ್ವಿಂಟೆಟ್‌ನ ಪಿಯಾನಿಸ್ಟ್ ಪಾಬ್ಲೊ ಝೀಗ್ಲರ್ ಆಮೇಲೆ ಸ್ವಂತ ತಂಡದಲ್ಲಿ ಮಾಡಿದ್ದನ್ನು ಕೇಳಿ. 2018ರಲ್ಲಿ ಅವರಿಗೆ ಗ್ರ್ಯಾಮಿ ಬಂದದ್ದು ಲ್ಯಾಟಿನ್ ಜಾಝ್ ವಿಭಾಗದಲ್ಲಿ. ಈಗ ನಮ್ಮ ಹೊಸ ತಂಡದಲ್ಲಿ ಮೃದಂಗ ಸೇರಿಸಿದ್ದೇವೆ, ಚೆನ್ನಾಗಿ ಕೂತಿದೆ.

ಕುದುರೆ ಕಮಾನು:
ಮೃದಂಗ ಅಂದಿರಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಮೈಸೂರಿನವಳು, ಇಪ್ಪತ್ತು ವರ್ಷದ ಕರ್ನಾಟಕ ಸಂಗೀತದ ಪಿಟೀಲು. ನಾವೂ ಹಾಗೇ ಮಾಡಿ ಕೈಸುಟ್ಟುಕೊಂಡೆವು. ಪಿಯಾಜೊಲಾ ಅವರದು ಮೂರು, ಮೂರು, ಎರಡರ ನಡೆ ಅಲ್ವಾ? ತಕಿಟ ತಕಿಟ ತಕ. ಆದಿ ತಾಳದ ಎಂಟು ಅಕ್ಷರಕ್ಕೆ ಸರಿಯಾಗಿ ಕೂರುತ್ತದೆ. ನಮ್ಮ ಮೃದಂಗದವರು ಐದೇ ನಿಮಿಷದಲ್ಲಿ ಹಿಡಿದರು. ಲೆಕ್ಕ ಬಂತು, ಎಳೆತ ಬರಲಿಲ್ಲ. ಟ್ಯಾಂಗೋದಲ್ಲಿ ಏಟು ಬೀಳುವ ಮೊದಲೇ ಬೇಸ್ ಮತ್ತು ಪಿಯಾನೋದ ಎಡಗೈ ಕೆಳಗಿನಿಂದ ಜಗ್ಗಿಕೊಂಡು ಬರುತ್ತವೆ. ಅರಾಸ್ತ್ರೆ ಅನ್ನುತ್ತಾರೆ. ಗಾಡಿ ಎಳೆಯುವ ಎತ್ತು ಮೊದಲು ಕತ್ತು ಬಗ್ಗಿಸುತ್ತದಲ್ಲ, ಹಾಗೆ. ಮೃದಂಗದ ಚೊಕ್ಕ ಏಟು ಬಿದ್ದ ಕೂಡಲೇ ಆ ಜಗ್ಗಾಟ ಸತ್ತೇಹೋಗುತ್ತಿತ್ತು.

ನನ್ನ ಖರ್ಚೂ ಕೇಳಿ. ಚಿಚಾರಾ ಅಂತ ಒಂದು ಸದ್ದು ಇದೆ. ಕಮಾನನ್ನು ಕುದುರೆಯ (ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡಿನ) ಆಚೆ ಬದಿಗೆ ಇಟ್ಟು, ತಂತಿಗೆ ಸುತ್ತಿದ ದಾರದ ಮೇಲೆ ಕೆರೆಯುವುದು. ಜೀರುಂಡೆ ಕೂಗಿದ ಹಾಗೆ ಕೇಳುತ್ತದೆ. ನಾನು ನೆಲದ ಮೇಲೆ ಕೂತು, ಪಿಟೀಲಿನ ತಲೆಯನ್ನು ಪಾದಕ್ಕೆ ಕೊಟ್ಟು ನುಡಿಸುವವಳು. ಆ ಭಂಗಿಯಲ್ಲಿ ಕಮಾನು ಅಲ್ಲಿಗೆ ತಿರುಗುವುದೇ ಕಷ್ಟ. ನಿಂತು ನುಡಿಸುವುದನ್ನು 31ನೇ ವಯಸ್ಸಿನಲ್ಲಿ ಮೊದಲಿನಿಂದ ಕಲಿತೆ. ಎರಡು ತಿಂಗಳಿಗೊಂದು ಸೆಟ್ ತಂತಿ, 4,800. ಕಮಾನಿಗೆ ಕೂದಲು ಹಾಕಿಸಲು 1,500. ಗುರುಗಳು ಆರು ತಿಂಗಳು ಪಾಠಕ್ಕೆ ಬರಬೇಡ ಅಂದರು. ಅದಕ್ಕೆ ಬೆಲೆ ಕಟ್ಟಲು ಆಗುವುದಿಲ್ಲ.

ಆರು ತಂತಿ:
ನಿಮ್ಮ ಮೃದಂಗದವರಿಗೆ ಬರಲಿಲ್ಲ ಅಂದರೆ ಯಾರಿಗೂ ಬರಲ್ಲ ಅಂತಲ್ಲ. 1971ರ ಒಂಬತ್ತು ಜನರ ತಂಡದಲ್ಲಿ ಪಿಯಾಜೊಲಾ ಅವರೇ ತಾಳವಾದ್ಯ ಇಟ್ಟುಕೊಂಡಿದ್ದರು.

ಕುದುರೆ ಕಮಾನು:
ಇಟ್ಟುಕೊಂಡಿದ್ದರು. 1978ರಲ್ಲಿ ತಾಳವಾದ್ಯ ಇಲ್ಲದ ಕ್ವಿಂಟೆಟ್‌ಗೇ ಮರಳಿದರು. ಹತ್ತು ವರ್ಷ ಅದರಲ್ಲೇ ಇದ್ದರು. ಇನ್ನೊಂದು ಮಾತು, ನಮ್ಮ ಮೃದಂಗದವರ ಬಗ್ಗೆ ಹಾಗೆ ಮಾತಾಡಬೇಡಿ. ದೊಡ್ಡ ವಿದ್ವಾಂಸರು. ತಪ್ಪು ಅವರದಲ್ಲ, ಕರೆದ ನಮ್ಮದು.

ಗಾಳಿಪೆಟ್ಟಿಗೆ:
ಎಲ್ಲರಿಗೂ ಧನ್ಯವಾದ. ಆದರೆ ನನ್ನ ಹತ್ತಿರ ಇರುವುದು 2 ಲಕ್ಷ ಮಾತ್ರ. ಅದರಲ್ಲಿ ಏನು ಮಾಡಬಹುದು ಅಂತ ಯಾರಾದರೂ ಹೇಳುತ್ತೀರಾ?

ನೂರಿಪ್ಪತ್ತು ಬೇಸ್:
ಇರುವ ಅಕಾರ್ಡಿಯನ್‌ನ ನಡುಕ ತೆಗೆಸಿ. ಉಳಿದ ದುಡ್ಡು ಡಬಲ್ ಬೇಸ್‌ನವರಿಗೆ ಕೊಡಿ. ಬೇಸ್ ಇಲ್ಲದೆ ಆ ಕ್ವಿಂಟೆಟ್ ನಿಲ್ಲುವುದಿಲ್ಲ.

ಕಡಲತಡಿ:
ಬೇಸ್ ವಿಷಯದಲ್ಲಿ ಅವರ ಮಾತು ಸರಿ. ಮಿಕ್ಕದ್ದು ನಾನು ಒಪ್ಪುವುದಿಲ್ಲ. ಗಾಳಿಪೆಟ್ಟಿಗೆಯವರೇ, ದುಡ್ಡು ಎಲ್ಲೂ ಕೊಡಬೇಡಿ. ಮಳೆ ನಿಲ್ಲಲಿ, ಅಕ್ಟೋಬರ್‌ನಲ್ಲಿ ಮಂಗಳೂರಿಗೆ ಬನ್ನಿ. ಎರಡು ದಿನ ನನ್ನ ಮನೆಯಲ್ಲೇ ಇರಿ. ಪೆಟ್ಟಿಗೆ ನಿಮ್ಮ ತೊಡೆಯ ಮೇಲೆ ಇಡುತ್ತೇನೆ, ಬೇಕಾದಷ್ಟು ಎಳೆದು ನೋಡಿ. ನಿಮ್ಮ ಅಕಾರ್ಡಿಯನ್ನೂ ತನ್ನಿ. ನನ್ನ ಪೆಟ್ಟಿಗೆಯ ಬಲಗೈಯ ಒಂದು ರೀಡ್ ಮತ್ತೆ ಸದ್ದು ಕಳೆದುಕೊಂಡಿದೆ. ಆ ಸ್ವರ ಬಂದಾಗ ಬಾಯಲ್ಲಿ ಹಾಡಿಕೊಳ್ಳಿ.