ಬ್ಯಾನರಿನ ಕೆಂಪು ಒಂದು, ಕೆಳಗಿನ ಪಟ್ಟಿ ಕೆಂಪು ಇನ್ನೊಂದು! ತಲಿ ಕೆಟ್ಟೈತಿ

ಟೋಪತೆನಿ
ಮೂರು ದಿನ ಆತು ಒದ್ದಾಡಾಕತ್ತು. ಕಾಕಾನ ಇಲಕಲ್ಲ ಸೀರಿ ಅಂಗಡಿಗೆ ವೆಬ್‌ಸೈಟ್ ಮಾಡಾಕತ್ತೀನಿ. ಮ್ಯಾಲೆ ಬ್ಯಾನರ್, ದಾಳಿಂಬ್ರಿ ಕೆಂಪು. ಅದರ ಕೆಳಗ ಮೆನು ಪಟ್ಟಿ, ಅದೂ ಅದ ಕೆಂಪು. ನನ್ನ ಲ್ಯಾಪ್‌ಟಾಪಿನ್ಯಾಗ ಎರಡೂ ಕೂಡಿ ಒಂದ ಬಟ್ಟಿ ಹಂಗ ಕಾಣಸ್ತಾವು. ಫೋನಿನ್ಯಾಗ ನೋಡಿದ್ರ ನಡಕ ಗೆರಿ! "ಸೆರಗಿಗೆ ಕೊಂಡಿ ಹಾಕಿ ಜೋಡಸ್ತೀವಿ ಖರೆ, ವೆಬ್‌ಸೈಟಿಗೂ ಕೊಂಡಿ ಹಾಕೀಯೇನೋ" ಅಂತ ಕಾಕಾ ನಗ್ತಾನ. ಅಪ್ಪನ ಲ್ಯಾಪ್‌ಟಾಪಿನ್ಯಾಗಂತೂ ಕೆನೆ ಬಣ್ಣದ ಹಿನ್ನೆಲಿ ಬರೇ ಬಿಳಿ. ಎಲ್ಲಾ ಸ್ಕ್ರೀನಿಗೂ ಸರಿ ಹೋಗೂ ಬಣ್ಣ ಯಾವುದು ಹೇಳ್ರಿ, ಸಾಕು.

ಹಳೇಮೌಸ್
ವೆಬ್ ಸೇಫ್ ಬಣ್ಣ ಹಾಕಿ, ಅಂದ್ರೆ ಎಲ್ಲಾ ಸ್ಕ್ರೀನಿಗೂ ಒಗ್ಗಲಿ ಅಂತ ಹಿಂದೆ ಆರಿಸಿಟ್ಟ ಬಣ್ಣಗಳು, ಮುಗೀತು. ಒಟ್ಟು 216 ಇವೆ. ಬಣ್ಣದೊಳಗಿನ ಕೆಂಪು, ಹಸಿರು, ನೀಲಿ ಮೂರರ ಪ್ರಮಾಣಕ್ಕೂ 0, 51, 102, 153, 204, 255 ಬಿಟ್ಟು ಬೇರೆ ಸಂಖ್ಯೆ ಮುಟ್ಟಬೇಡಿ. ನಿಮ್ಮ ದಾಳಿಂಬೆಗೆ 153, 0, 51 ಹತ್ತಿರ ಆಗುತ್ತೆ.

ಪಡುವಣಕ್ಯಾಮರಾ
ಇದೆಂತ ಮಾರಾಯ್ರೆ, ಸ್ಕ್ರೀನಿಗೆ 256 ಬಣ್ಣ ಮಾತ್ರ ಬರ್ತಿದ್ದ ಕಾಲದ ಪಥ್ಯ ಇದು. ಈಗ ಅಗ್ಗದ ಫೋನಿಗೂ ಅಷ್ಟು ಬಡತನ ಇಲ್ಲ.
ಟೋಪತೆನಿಯವರೇ, ಫೋನಿನಲ್ಲಿ ಬಣ್ಣ ಹೆಚ್ಚಿಸಿ ತೋರಿಸುವ ವಿವಿಡ್ ಮೋಡ್ ಉಂಟಾ ನೋಡಿ. ಅಮೋಲೆಡ್ ಸ್ಕ್ರೀನ್ ಆದರೆ ಕೆಂಪು ಉರಿಯುವುದೇ. ಡಿಸ್‌ಪ್ಲೇ ಸೆಟ್ಟಿಂಗಿಗೆ ಹೋಗಿ ನ್ಯಾಚುರಲ್ ಮಾಡಿ.

ಟೋಪತೆನಿ
ಮಾಡೀನ್ರಿ. ಕೆಂಪು ಸ್ವಲ್ಪ ತಣ್ಣಗಾತು, ಗೆರಿ ಹಂಗ ಐತಿ.

ಪಡುವಣಕ್ಯಾಮರಾ
ಹಾಗಾದರೆ ಲ್ಯಾಪ್‌ಟಾಪ್ ಸ್ಕ್ರೀನೇ ಸುಳ್ಳು ಹೇಳ್ತಾ ಉಂಟು. ಕ್ಯಾಲಿಬ್ರೇಟ್ ಮಾಡದೆ ಬಣ್ಣದ ಬಗ್ಗೆ ಮಾತಾಡುವುದೇ ದಂಡ. ಸ್ಕ್ರೀನಿನ ಬಣ್ಣ ಅಳೆಯುವ ಕಲರಿಮೀಟರ್ ಒಂದು ತಗೊಳ್ಳಿ. ನಾನು ತಿಂಗಳಿಗೊಮ್ಮೆ ಎರಡೂ ಮಾನಿಟರಿಗೆ ಮಾಡ್ತೇನೆ, 6500 ಕೆಲ್ವಿನ್, ಗಾಮಾ 2.2, ಬೆಳಕು 120 ನಿಟ್ಸ್. ಕೋಣೆಯ ಗೋಡೆಗೂ ಬೂದು ಬಣ್ಣವೇ ಹೊಡೆಸಿದ್ದು.

ಹಳೇಮೌಸ್
ನೋಡೋ ಗಿರಾಕಿಗಳೆಲ್ಲ ಗೋಡೆಗೆ ಬೂದು ಬಣ್ಣ ಹೊಡೆಸ್ತಾರಾ? ಅದಕ್ಕೇ ವೆಬ್ ಸೇಫ್ ಅನ್ನೋದು.

ಪಡುವಣಕ್ಯಾಮರಾ
ನಿಮ್ಮ ಪಟ್ಟಿಯಲ್ಲಿ ಕೆನೆ ಬಣ್ಣ ತೋರಿಸಿ ನೋಡುವ. ಹತ್ತಿರದ್ದು 255, 255, 204. ಅದು ಕೆನೆಯಾ, ನಿಂಬೆ ಶರಬತ್ತಾ?

ಹಳೇಮೌಸ್
ಶರಬತ್ತು ಕುಡಿದು ಸಮಾಧಾನ ಮಾಡ್ಕೊಳ್ಳಿ.

ಟೋಪತೆನಿ
ಅಲ್ರೀ, ಜಗಳ ಆಮ್ಯಾಲೆ ಮಾಡ್ರಿ. ನಾಕು ಫೋನಿನ್ಯಾಗ ನೋಡೀನಿ, ಒಂದು ಐಫೋನು. ನಾಕರಾಗೂ ಗೆರಿ ಐತಿ.

ಸೊನ್ನೆಒಂದು
ಬ್ಯಾನರು, ಪಟ್ಟಿ ಎರಡೂ ಒಂದೇ ಸ್ಕ್ರೀನ್ ಮೇಲೆ ಇವೆ. ಸ್ಕ್ರೀನ್ ಎಷ್ಟೇ ಕೆಟ್ಟದಿರಲಿ, ಎರಡನ್ನೂ ಒಂದೇ ಥರ ಕೆಡಿಸಬೇಕಲ್ವಾ? ಗೆರೆ ಕಾಣ್ತಿದೆ ಅಂದ್ರೆ ಸ್ಕ್ರೀನಿಗೆ ಹೋಗೋ ಮೊದಲೇ ಅವು ಬೇರೆ ಬೇರೆ ಬಣ್ಣ ಆಗಿವೆ.
ಬ್ಯಾನರ್ ಚಿತ್ರವಾ, ಸಿಎಸ್‌ಎಸ್ ಬಣ್ಣವಾ, ಅಂದ್ರೆ ಪುಟದ ಕೋಡಲ್ಲಿ ಸಂಖ್ಯೆಯಾಗಿ ಬರೆದಿದ್ದಾ? ಚಿತ್ರ ಆದ್ರೆ ಯಾರು ಮಾಡಿದ್ದು? ಪಟ್ಟಿಯ ಬಣ್ಣದ ಸಂಖ್ಯೆ ಎಲ್ಲಿಂದ ತಗೊಂಡ್ರಿ? ಲ್ಯಾಪ್‌ಟಾಪಲ್ಲಿ ಯಾವ ಬ್ರೌಸರ್?

ಟೋಪತೆನಿ
ಬ್ಯಾನರ್ ಜೆಪೆಗ್ ರೀ, ಅದರಾಗೇನು ಹೇಳೂದೈತಿ. ಫೋಟೋ ಸ್ಟುಡಿಯೋ ಇಟ್ಟ ಗೆಳ್ಯಾ ಫೋಟೋಶಾಪಿನ್ಯಾಗ ಮಾಡಿಕೊಟ್ಟಾನ. ಪಟ್ಟಿ ಸಿಎಸ್‌ಎಸ್. ಬಣ್ಣ ಸ್ಕ್ರೀನ್ ಮ್ಯಾಲಿಂದ ಪಿಕ್ಕರ್ ಹಚ್ಚಿ ಎತ್ತೀನಿ. ಬ್ರೌಸರ್ ಫೈರ್‌ಫಾಕ್ಸ್. ಇದನ್ನೂ ಹೇಳಬೇಕಿತ್ತೇನು?

ಸೊನ್ನೆಒಂದು
ಇದನ್ನೇ ಮೊದಲು ಹೇಳಬೇಕಿತ್ತು!
ಸ್ಟುಡಿಯೋದವರ ಫೈಲಲ್ಲಿ ಅಡೋಬಿ ಆರ್‌ಜಿಬಿ ಪ್ರೊಫೈಲ್ ಇರಬೇಕು (ಪ್ರೊಫೈಲ್ ಅಂದ್ರೆ ಯಾವ ಸಂಖ್ಯೆ ಯಾವ ಬಣ್ಣ ಅಂತ ಹೇಳೋ ಚೀಟಿ), ಜಿಂಪ್ ಅನ್ನೋ ಚಿತ್ರ ತಿದ್ದೋ ತಂತ್ರಾಂಶದಲ್ಲಿ ತೆರೆದು ನೋಡಿ. ನಿಮ್ಮ ಲ್ಯಾಪ್‌ಟಾಪಿಗೆ ಕಂಪನಿಯವರು ಹಾಕಿಕೊಟ್ಟ ಸ್ಕ್ರೀನ್ ಪ್ರೊಫೈಲೂ ಇರುತ್ತೆ. ಫೈರ್‌ಫಾಕ್ಸ್ ತಾನಾಗಿ ಏನು ಮಾಡುತ್ತೆ ಅಂದ್ರೆ, ಪ್ರೊಫೈಲ್ ಇರೋ ಚಿತ್ರವನ್ನ ಮಾತ್ರ ಸ್ಕ್ರೀನಿಗೆ ತಕ್ಕ ಹಾಗೆ ಬದಲಾಯಿಸುತ್ತೆ, ಸಿಎಸ್‌ಎಸ್ ಬಣ್ಣ ಮುಟ್ಟೋದಿಲ್ಲ. ಹಾಗೆ ಬದಲಾದ ಬಣ್ಣವನ್ನ ನೀವು ಪಿಕ್ಕರಲ್ಲಿ ಎತ್ತಿದ್ದೀರಿ. ಅದು ನಿಮ್ಮ ಸ್ಕ್ರೀನಿಗೆ ಹೊಲಿದ ಬಣ್ಣ, ಬೇರೆಯವರ ಸ್ಕ್ರೀನಿಗೆ ಅಳತೆ ಕೂಡೋದಿಲ್ಲ.
ಚಿತ್ರವನ್ನ ವೆಬ್‌ಗೆ ಸಾಮಾನ್ಯವಾಗಿ ಬಳಸೋ ಎಸ್‌ಆರ್‌ಜಿಬಿ ಪ್ರೊಫೈಲಿಗೆ ಬದಲಾಯಿಸಿ, ಆಮೇಲೆ ಸಂಖ್ಯೆಯನ್ನ ಜಿಂಪ್ ಒಳಗೇ ಫೈಲಿಂದ ಎತ್ತಿ. ಸ್ಕ್ರೀನಿಂದ ಬೇಡ.

ಹಳೇಮೌಸ್
ಎಸ್‌ಆರ್‌ಜಿಬಿ ಮೈಕ್ರೋಸಾಫ್ಟ್, ಎಚ್‌ಪಿ ಕೂಡಿ 1996ರಲ್ಲೇ ತಂದಿದ್ದು. ಅದಕ್ಕಿಲ್ಲದ ಮುಪ್ಪು ನನ್ನ 216ಕ್ಕೆ ಮಾತ್ರ ಯಾಕೆ?

ಟೋಪತೆನಿ
ಅಡೋಬಿ ಆರ್‌ಜಿಬಿ ಇತ್ರೀ, ಖರೆ. ಎಸ್‌ಆರ್‌ಜಿಬಿ ಮಾಡಿದೆ. ದಾಳಿಂಬ್ರಿ ಹೋಗಿ ಹಳೆ ಇಟ್ಟಂಗಿ ಆತು!

ಸೊನ್ನೆಒಂದು
ಅಸೈನ್ ಒತ್ತಿದ್ದೀರಿ. ಕನ್ವರ್ಟ್ ಒತ್ತಬೇಕು. ಅಸೈನ್ ಅಂದ್ರೆ ಡಬ್ಬಿಯ ಚೀಟಿ ಮಾತ್ರ ಬದಲಾಗುತ್ತೆ, ಒಳಗಿನ ಸಂಖ್ಯೆ ಹಾಗೇ ಇರುತ್ತೆ. ಕನ್ವರ್ಟ್ ಅಂದ್ರೆ ಬಣ್ಣ ಉಳಿಯೋ ಹಾಗೆ ಸಂಖ್ಯೆಯೂ ಬದಲಾಗುತ್ತೆ. ಹಿಂದಕ್ಕೆ ಹೋಗಿ ಮತ್ತೆ ಮಾಡಿ.

ಟೋಪತೆನಿ
ಈಗ ನಾಕೂ ಫೋನಿನ್ಯಾಗ ಗೆರಿ ಹೋತು. ಫೈಲಿನ್ಯಾಗಿಂದ ಎತ್ತಿದ ಕೆಂಪು 150, 20, 45 ಬಂತು, ಅದನ್ನ ಪಟ್ಟಿಗೆ ಹಾಕೀನಿ. ಆದ್ರ ನನ್ನ ಲ್ಯಾಪ್‌ಟಾಪಿನ್ಯಾಗ ಗೆರಿ ಬಂತಲ್ರೀ!!

ಸೊನ್ನೆಒಂದು
ಬರಲೇಬೇಕು. ಚಿತ್ರವನ್ನ ಫೈರ್‌ಫಾಕ್ಸ್ ಈಗಲೂ ಬದಲಾಯಿಸ್ತಿದೆ, ಪಟ್ಟಿಯನ್ನ ಇಲ್ಲ. ಫೈರ್‌ಫಾಕ್ಸಿನ ಒಳ ಸೆಟ್ಟಿಂಗ್ ಪುಟ ಅಬೌಟ್ ಕಾನ್ಫಿಗ್‌ಗೆ ಹೋಗಿ ಕಲರ್ ಮ್ಯಾನೇಜ್‌ಮೆಂಟ್ ಮೋಡ್ 2 ಇರೋದನ್ನ 1 ಮಾಡಿದ್ರೆ ನಿಮಗೆ ಸರಿಹೋಗುತ್ತೆ. ಆದ್ರೆ ಗಿರಾಕಿಗಳ ಮನೆಗೆಲ್ಲ ಹೋಗಿ ಮೋಡ್ ಬದಲಾಯಿಸೋಕಾಗಲ್ಲ. ಎಕ್ಸ್‌ಪೋರ್ಟ್ ಮಾಡುವಾಗ ಪ್ರೊಫೈಲ್ ಉಳಿಸೋ ಗುರುತು ತೆಗೆದುಬಿಡಿ, ಆಗ ಎರಡನ್ನೂ ಒಂದೇ ಥರ ನೋಡುತ್ತೆ. ಕನ್ವರ್ಟ್ ಮಾಡಿದ ಮೇಲೆ ಮಾತ್ರ, ಮೊದಲೇ ತೆಗೆದ್ರೆ ಮತ್ತೆ ಇಟ್ಟಂಗಿ.
ನನ್ನನ್ನ ಕೇಳಿದ್ರೆ ಚಿತ್ರದೊಳಗೆ ಕೆಂಪು ತುಂಬೋದೇ ಬೇಡ. ಸೀರೆಯನ್ನ ಕತ್ತರಿಸಿ ಪಾರದರ್ಶಕ ಪಿಎನ್‌ಜಿ ಮಾಡಿ, ಹಿಂದಿನ ಕೆಂಪನ್ನ ಸಿಎಸ್‌ಎಸ್ಸಲ್ಲೇ ಕೊಡಿ.

ಪಡುವಣಕ್ಯಾಮರಾ
ಕಲರಿಮೀಟರ್ ಇದ್ದಿದ್ದರೆ ಮೊದಲ ದಿನವೇ ಗೊತ್ತಾಗ್ತಿತ್ತು.

ಸೊನ್ನೆಒಂದು
ಗೊತ್ತಾಗ್ತಿರಲಿಲ್ಲ.

ಟೋಪತೆನಿ
ಪ್ರೊಫೈಲ್ ತಗದೆ, ಎಲ್ಲಾ ಕಡೆ ಕೂಡ್ತು. ಪಿಎನ್‌ಜಿ ಮುಂದಿನ ವಾರ ಮಾಡ್ತೀನ್ರಿ. ಅಪ್ಪನ ಲ್ಯಾಪ್‌ಟಾಪಿನ ಕೆನೆ?

ಸೊನ್ನೆಒಂದು
ಸಂಖ್ಯೆ?

ಟೋಪತೆನಿ
255, 250, 240. ಅದರ ಮ್ಯಾಲೆ ರೇಟು ಅರಿಷಿಣ ಬಣ್ಣದಾಗ ಬರದೀನಿ, 244, 180, 0.

ಸೊನ್ನೆಒಂದು
ಆ ಕೆನೆಗೂ ಬಿಳಿಗೂ ಅಂತರವೇ ಇಲ್ಲ, ಅದರಲ್ಲೂ ಹಳೇ ಟಿಎನ್ ಥರದ ಸ್ಕ್ರೀನ್ ಆದ್ರೆ ಸ್ವಲ್ಪ ಓರೆಯಾಗಿ ಕೂತರೂ ತಿಳಿ ಬಣ್ಣ ಮಾಯ. ಅದನ್ನ ನಂಬಿ ಏನನ್ನೂ ಬೇರ್ಪಡಿಸಬೇಡಿ, ಅಂಚಿಗೆ ಒಂದು ಪಿಕ್ಸೆಲ್ ಗೆರೆ ಎಳೀರಿ. ಅರಿಶಿನದಲ್ಲಿ ರೇಟು ಖಂಡಿತ ಬೇಡ. ಅಕ್ಷರಕ್ಕೂ ಹಿನ್ನೆಲೆಗೂ ಕಾಂಟ್ರಾಸ್ಟ್, ಅಂದ್ರೆ ಹೊಳಪಿನ ಅನುಪಾತ, 4.5ಕ್ಕೆ 1 ಇರಬೇಕು ಅನ್ನುತ್ತೆ ವೆಬ್ ಪುಟ ಎಲ್ಲರಿಗೂ ಓದೋ ಹಾಗಿರಲಿ ಅಂತ ಮಾಡಿದ ಡಬ್ಲ್ಯೂಸಿಎಜಿ ಮಾರ್ಗಸೂಚಿ, ನಿಮ್ಮದು 2ಕ್ಕೂ ಬರಲ್ಲ. ಅದೇ ದಾಳಿಂಬೆ ಕೆಂಪಲ್ಲಿ ಬರೆದ್ರೆ 8 ದಾಟುತ್ತೆ, ಯಾವ ಡಬ್ಬಾ ಸ್ಕ್ರೀನಲ್ಲೂ ಓದಬಹುದು.

ಹಳೇಮೌಸ್
153, 0, 51 ಹಾಕಿದ್ರೂ 8 ದಾಟುತ್ತೆ. ಸುಮ್ಮನೆ ಹೇಳಿದೆ.

ಟೋಪತೆನಿ
ರೇಟು ಕೆಂಪು ಮಾಡೀನಿ, ಒಂದು ಪಿಕ್ಸೆಲ್ ಗೆರಿ ಹಾಕೀನಿ. ಕಾಕಾ ಈಗ "ಆ ಗೆರಿ ತಗದು ಈ ಗೆರಿ ಯಾಕ ಹಾಕೀಯೋ" ಅಂತ ಕೇಳಾಕತ್ತಾನ.

ಪಡುವಣಕ್ಯಾಮರಾ
ಅದಿರಲಿ, ಆ ಸೀರೆಗೆ ಎಷ್ಟು ಮಾರಾಯ್ರೆ? ಹೆಂಡತಿ ಕೇಳ್ತಿದ್ದಾಳೆ. ಸ್ಕ್ರೀನಲ್ಲಿ ಕಂಡ ಬಣ್ಣವೇ ಬರ್ತದಾ?