ಅಪ್‌ಡೇಟ್: ಕ್ರೂಸ್ ಕಂಟ್ರೋಲ್ ಈಗ ಸೆಟ್ ಆಗ್ತಿದೆ

ನನ್ನ ಕಾರಿನಲ್ಲಿ ಕ್ರೂಸ್ (ಆಕ್ಸಿಲರೇಟರ್‌ನಿಂದ ಕಾಲು ತೆಗೆದರೂ ಕಾರನ್ನು ಒಂದೇ ವೇಗದಲ್ಲಿ ಓಡಿಸುವ ವ್ಯವಸ್ಥೆ) ದೀಪ ಹತ್ತುತ್ತದೆ, ಆದರೆ ಸೆಟ್ ಬಟನ್ ಒತ್ತಿದರೆ ಆ ವೇಗ ಹಾಗೇ ಉಳಿಯುವುದಿಲ್ಲ ಅಂತ ಹಿಂದೆ ಕೇಳಿದ್ದೆನಲ್ವಾ? ಕಾರಣ ಸಿಕ್ಕಿತು. ಬ್ರೇಕ್ ಪೆಡಲ್ ಹತ್ತಿರದ ಸ್ವಿಚ್. ಪೆಡಲ್ ಪೂರ್ತಿ ಮೇಲೆ ಬಂದರೂ ಸ್ವಿಚ್‌ನ ಪಿನ್ ಸರಿಯಾಗಿ ಒಳಗೆ ಹೋಗುತ್ತಿರಲಿಲ್ಲ. ಹಾಗಾಗಿ ಬ್ರೇಕ್ ತುಳಿದೇ ಇದೆ ಅಂತ ಕಾರು ಲೆಕ್ಕ ಹಾಕುತ್ತಿತ್ತು. ಬ್ರೇಕ್ ತುಳಿಯದಿದ್ದರೂ ಸುಮ್ನೆ ಉರಿಯುತ್ತಿದ್ದ ಬ್ರೇಕ್ ದೀಪದ ಕೆಂಪು ಬೆಳಕು ಕತ್ತಲಲ್ಲಿ ಕಾರಿನ ಹಿಂದಿನ ಗೋಡೆ ಮೇಲೆ ಬಿದ್ದದ್ದೇ ಸುಳಿವು ಕೊಟ್ಟಿತು.

ಸ್ವಿಚ್ ಸರಿಹೊಂದಿಸಿ, ಖಾಲಿ ರಸ್ತೆಯಲ್ಲಿ ಗಂಟೆಗೆ 80 ಕಿ.ಮೀ.ಗೆ ಸೆಟ್ ಮಾಡಿದೆ. ಕಾಲು ತೆಗೆದರೂ ಹಾಗೇ ಓಡಿತು. ಬ್ರೇಕ್ ಮುಟ್ಟಿದ ಕೂಡಲೇ ಬಿಟ್ಟಿತು, ರೆಸ್ಯೂಮ್ (ಹಿಂದಿನ ವೇಗಕ್ಕೆ ಮರಳುವ ಬಟನ್) ಒತ್ತಿದರೆ ಮತ್ತೆ 80. ಕ್ಲಚ್ ತುಳಿದರೂ ಬಿಡಬೇಕು, ಅದನ್ನೂ ನೋಡಿಕೊಂಡೆ. ಇಳಿಜಾರಲ್ಲಿ ವೇಗ ಸ್ವಲ್ಪ ಜಾಸ್ತಿ ಆಗುತ್ತದೆ. ಅದು ದೋಷವಲ್ಲ, ನನ್ನ ಕಾರಿನ ಸಾದಾ ಕ್ರೂಸ್ ತಾನಾಗಿ ಬ್ರೇಕ್ ಹಾಕುವುದಿಲ್ಲ.