ಎರಡು ವರ್ಷದ ಮಗ ಮೊಬೈಲ್ ಇಲ್ಲದೆ ಊಟಕ್ಕೆ ಬಾಯಿ ತೆರೆಯುವುದಿಲ್ಲ, ಟಾನಿಕ್ ಕೊಡಬಹುದಾ?

ಪೆರ್ಲದ ಸೊಸೆ:

ಎಲ್ಲರಿಗೂ ನಮಸ್ಕಾರ. ನನ್ನ ತವರು ಪುತ್ತೂರು, ಮದುವೆಯಾಗಿ ಬಂದದ್ದು ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ. ಮಗನಿಗೆ ಎರಡು ವರ್ಷ ನಾಲ್ಕು ತಿಂಗಳು. ಊಟದ ಹೊತ್ತು ಬಂತೆಂದರೆ ನನಗೆ ಹೆದರಿಕೆ ಶುರುವಾಗುತ್ತದೆ. ಮೊಬೈಲಿನಲ್ಲಿ ಹಾಡು ಹಾಕಿದರೆ ಮಾತ್ರ ಬಾಯಿ ತೆರೆಯುತ್ತಾನೆ. ಅದೂ ಅನ್ನ, ತೊವ್ವೆ, ತುಪ್ಪ ಸೇರಿಸಿ ಮಿಕ್ಸಿಯಲ್ಲಿ ನುಣ್ಣಗೆ ಮಾಡಿದ್ದೇ ಆಗಬೇಕು. ಒಂದು ತೊಂಡೆಕಾಯಿ ಹೋಳು ಸಿಕ್ಕಿದರೂ ಉಗುಳಿಬಿಡುತ್ತಾನೆ. ಅತ್ತೆ ಬಟ್ಟಲು ಹಿಡಿದುಕೊಂಡು ಅಂಗಳ, ಹಟ್ಟಿ, ಅಡಿಕೆ ಒಣಹಾಕಿದ ಜಾಗ ಅಂತ ಅವನ ಹಿಂದೆಯೇ ಸುತ್ತುತ್ತಾರೆ. ಒಂದು ಊಟ ಮುಗಿಯಲು ಒಂದು ಗಂಟೆ ಬೇಕು.

ಮನೆಗೆ ಬಂದವರೆಲ್ಲ "ಮಗು ಸೊರಗಿದೆ" ಅನ್ನುತ್ತಾರೆ. ಊಟ ಇಲ್ಲದಿದ್ದರೆ ಹಾಲಾದರೂ ಹೊಟ್ಟೆಗೆ ಹೋಗಲಿ ಅಂತ ಕೊಡುತ್ತೇವೆ. ಮನೆಯ ದನದ ಹಾಲೇ. ಎದ್ದ ಕೂಡಲೇ ಒಂದು ಲೋಟ, ಹತ್ತು ಗಂಟೆಗೆ ಒಂದು, ಸಂಜೆ ಒಂದು, ರಾತ್ರಿ ಮಲಗುವಾಗ ಬಾಟಲಿಯಲ್ಲಿ. ಸಂಜೆಯದಕ್ಕೆ ಅಂಗಡಿಯ ಮಾಲ್ಟ್ ಪುಡಿ ಹಾಕುತ್ತೇನೆ. ಮಾವ ಪೇಟೆಗೆ ಹೋದರೆ ಬಿಸ್ಕೆಟ್ ಬರುತ್ತದೆ.

ಅಂಗನವಾಡಿಯಲ್ಲಿ ತೂಗಿದಾಗ 11.2 ಕಿಲೋ ಇದ್ದ. ಅಲ್ಲಿಂದ ಅಮೃತಂ ಪುಡಿ ಕೊಡುತ್ತಾರೆ. ಪ್ಯಾಕೆಟಿನ ಮೇಲಿನ ಮಲಯಾಳ ನನಗೆ ಓದಲು ಬರುವುದಿಲ್ಲ. ಒಳಗೆ ಏನಿದೆ ಅಂತ ತಿಳಿಯದೆ ಕೊಡಲು ಮನಸ್ಸಾಗದೆ ನಾಲ್ಕು ಪ್ಯಾಕೆಟ್ ಹಾಗೇ ಇಟ್ಟಿದ್ದೇನೆ. ನಾವು ಮೊಟ್ಟೆ, ಮೀನು ತಿನ್ನುವವರಲ್ಲ. ಹಸಿವಾಗುವಂಥ ಒಳ್ಳೆಯ ಟಾನಿಕ್ ಇದ್ದರೆ ದಯವಿಟ್ಟು ಹೇಳಿ.

ಬದಿಯಡ್ಕ ಕಡೆಯ ಅಂಗನವಾಡಿ ಟೀಚರ್:

ತಂಗಿ, ಮೊದಲು ಸಮಾಧಾನ ಮಾಡಿಕೊಳ್ಳಿ. ಈ ಪ್ರಾಯದ ಗಂಡುಮಗುವಿಗೆ 11.2 ಕಿಲೋ ಅಂದರೆ ನಮ್ಮ ಬೆಳವಣಿಗೆ ಚಾರ್ಟಿನಲ್ಲಿ ಹಸಿರು ಪಟ್ಟಿಯ ಒಳಗೇ ಬರುತ್ತದೆ. ಆರು ತಿಂಗಳ ಹಿಂದಿನ ತೂಕವನ್ನೂ ನೋಡಿ. ಗೆರೆ ಮೇಲೆ ಹೋಗುತ್ತಾ ಇದ್ದರೆ ಬಂದವರ ಮಾತಿಗೆ ಹೆದರಬೇಡಿ. ಹುಟ್ಟಿದ ಮಗುವಿನ ತೂಕ ಒಂದು ವರ್ಷದಲ್ಲಿ ಮೂರು ಪಟ್ಟಾಗುತ್ತದೆ. ಎರಡನೇ ವರ್ಷದಲ್ಲಿ ಏರುವುದು ಎರಡು, ಎರಡೂವರೆ ಕಿಲೋ ಅಷ್ಟೇ. ಬೆಳವಣಿಗೆ ನಿಧಾನವಾದಾಗ ಹಸಿವೂ ಕಡಿಮೆಯಾಗುತ್ತದೆ. ತೂಕ ನಿಂತುಹೋದರೆ, ಇಳಿದರೆ, ಮಗು ಬಿಳುಚಿಕೊಂಡು ಸುಸ್ತಾದರೆ ಮಾತ್ರ ತಡ ಮಾಡದೆ ಡಾಕ್ಟರಿಗೆ ತೋರಿಸಿ. ಟಾನಿಕ್ ಈಗ ಬೇಡ.

ನನಗೆ ಕಾಣುವುದು ಹಾಲಿನ ಸಮಸ್ಯೆ. ನಿಮ್ಮ ಲೋಟಕ್ಕೆ ಎಷ್ಟು ಹಿಡಿಯುತ್ತದೆ ಅಂತ ಅಳೆದು ನೋಡಿ. 200 ಮಿಲಿ ಅಂದುಕೊಂಡರೂ ನಾಲ್ಕು ಸಲಕ್ಕೆ 800 ಆಯಿತು. ಅವನ ಹೊಟ್ಟೆ ಎಷ್ಟು ದೊಡ್ಡದು ಹೇಳಿ? ಹತ್ತು ಗಂಟೆಗೆ ಹಾಲು ಕುಡಿದವನಿಗೆ ಹನ್ನೆರಡೂವರೆಗೆ ಅನ್ನ ಬೇಡ ಅನ್ನಿಸುವುದು ಸಹಜ ಅಲ್ವಾ? ಅವನು ಹಟ ಮಾಡುತ್ತಿಲ್ಲ, ಅವನಿಗೆ ಹೊಟ್ಟೆ ತುಂಬಿದೆ. ಹಾಲಿನಲ್ಲಿ ಕಬ್ಬಿಣದ ಅಂಶ ತೀರಾ ಕಡಿಮೆ. ಹಾಲು ಜಾಸ್ತಿಯಾದರೆ ಬೇರೆ ಆಹಾರದ ಕಬ್ಬಿಣವೂ ಸರಿಯಾಗಿ ಮೈಗೆ ಹಿಡಿಯುವುದಿಲ್ಲ. ಹಾಲು ಕುಡಿದು ಗುಂಡಗಿದ್ದರೂ ರಕ್ತ ಕಡಿಮೆ ಇರುವ ಮಕ್ಕಳನ್ನು ನಾನು ನೋಡಿದ್ದೇನೆ. ದಿನಕ್ಕೆ 400ರಿಂದ 500 ಮಿಲಿ ಸಾಕು, ಅದೂ ಊಟವಾದ ಮೇಲೆ. ಮಾಲ್ಟ್ ಪುಡಿ ನಿಲ್ಲಿಸಿ. ಅದರಲ್ಲಿ ಸಕ್ಕರೆಯೇ ಜಾಸ್ತಿ.

ಅಮೃತಂ ಪುಡಿಯ ವಿಷಯ ಓದಿ ನನಗೆ ತುಂಬ ಬೇಸರವಾಯಿತು. ನಿಮ್ಮ ಮೇಲೆ ಅಲ್ಲ, ಅದರೊಳಗೆ ಏನಿದೆ ಅಂತ ನಿಮಗೆ ಕನ್ನಡದಲ್ಲಿ ಯಾರೂ ಹೇಳಲಿಲ್ಲವಲ್ಲ ಅಂತ. ಗೋಧಿ, ಕಡಲೆಬೇಳೆ, ಸೋಯಾ, ನೆಲಗಡಲೆ, ಸಕ್ಕರೆ, ಇಷ್ಟೇ ಅದರಲ್ಲಿರುವುದು. ಆ ಪಾಕ ರೂಪಿಸಿದ್ದೇ ನಮ್ಮ ಕಾಸರಗೋಡಿನ ಕೂಡ್ಲಿನಲ್ಲಿರುವ ಸಿ.ಪಿ.ಸಿ.ಆರ್.ಐ. ಎಂಬ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಲ್ಲಿ. ಹುರಿದು ಪುಡಿ ಮಾಡುವವರು ಕೇರಳದ ಮಹಿಳಾ ಸ್ವಸಹಾಯ ಸಂಘಗಳಾದ ಕುಟುಂಬಶ್ರೀಯ ಹೆಂಗಸರು. ಆರು ತಿಂಗಳಿನಿಂದ ಮೂರು ವರ್ಷದ ಮಕ್ಕಳಿಗಾಗಿ ಇರುವುದು. ಇಟ್ಟಿರುವ ಪ್ಯಾಕೆಟಿನ ತಾರೀಕು ಮುಗಿದಿದ್ದರೆ ಬೇಡ, ಹೊಸತು ಕೇಳಿ. ನೀರಿನಲ್ಲಿ ಕದಡಿ ಸಣ್ಣ ಉರಿಯಲ್ಲಿ ಮಣ್ಣಿಯ (ಮಕ್ಕಳಿಗೆ ಕೊಡುವ ಮೆತ್ತನೆಯ ಗಂಜಿ) ಹಾಗೆ ಕಾಸಿ. ಸಕ್ಕರೆ ಮೊದಲೇ ಇದೆ, ಮತ್ತೆ ಹಾಕಬೇಡಿ. ನಮ್ಮ ಮನೆಯಲ್ಲಿ ದೋಸೆ ಹಿಟ್ಟಿಗೆ ಎರಡು ಚಮಚ ಸೇರಿಸುತ್ತೇವೆ, ತೆಂಗಿನಕಾಯಿ ತುರಿ ಹಾಕಿ ಉಂಡೆಯೂ ಕಟ್ಟುತ್ತೇವೆ.

ಮಿಕ್ಸಿ ಬಿಡಿ. ಅವನಿಗೆ ಹಲ್ಲಿದೆ. ಜಗಿಯುವುದನ್ನು ಕಲಿಯದೆ ತೊಂಡೆಕಾಯಿಯನ್ನು ಹೇಗೆ ತಿನ್ನುತ್ತಾನೆ? ಮೊದಲು ಕೈಯಲ್ಲಿ ಹಿಸುಕಿ ಕೊಡಿ, ಆಮೇಲೆ ಬೆಂದ ಸಣ್ಣ ಹೋಳು. ನೆಲಗಡಲೆಯಂಥ ಗಟ್ಟಿ ಕಾಳುಗಳನ್ನು ಇಡಿಯಾಗಿ ಮಾತ್ರ ಕೊಡಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ನೀವು ಸಸ್ಯಾಹಾರಿಗಳಾದ್ದರಿಂದ ಹೆಸರುಕಾಳು, ರಾಗಿ, ಹರಿವೆ, ನುಗ್ಗೆಸೊಪ್ಪು ಆಗಾಗ ಇರಲಿ. ಜೊತೆಗೆ ನಿಂಬೆಹುಳಿ ನಾಲ್ಕು ಹನಿ ಹಿಂಡಿದರೆ ಕಬ್ಬಿಣ ಚೆನ್ನಾಗಿ ಹಿಡಿಯುತ್ತದೆ. ಹೊಸ ಪಲ್ಯವನ್ನು ಹತ್ತು ಹದಿನೈದು ಸಲ ಬಟ್ಟಲಲ್ಲಿ ಕಂಡ ಮೇಲೆ ಬಾಯಿಗೆ ಹಾಕುವ ಮಕ್ಕಳಿದ್ದಾರೆ. ಒಂದೇ ಚಮಚ ಬಡಿಸಿ, ತಿನ್ನು ಅಂತ ಒತ್ತಾಯ ಬೇಡ. ಏನು ಬಡಿಸಬೇಕು, ಯಾವಾಗ ಬಡಿಸಬೇಕು ಅನ್ನುವುದು ನಿಮ್ಮ ಕೈಯಲ್ಲಿದೆ. ಎಷ್ಟು ತಿನ್ನಬೇಕು ಅನ್ನುವುದನ್ನು ಅವನಿಗೇ ಬಿಡಿ.

ಉಪ್ಪಳದ ಅಮ್ಮ:

ಟೀಚರ್ ಹೇಳಿದ್ದು ನೂರಕ್ಕೆ ನೂರು ಸರಿ. ರಾತ್ರಿ ಬಾಟಲಿಯ ಬಗ್ಗೆ ನನ್ನದೊಂದು ಮಾತು. ನನ್ನ ಮಗಳು ಬಾಟಲಿ ಬಾಯಲ್ಲಿಟ್ಟೇ ನಿದ್ದೆ ಮಾಡುತ್ತಿದ್ದಳು. ಮೂರು ವರ್ಷ ಆಗುವ ಮೊದಲೇ ಮೇಲಿನ ನಾಲ್ಕು ಹಲ್ಲು ಹುಳುಕಾಗಿ ಕಪ್ಪಾದವು. ರಾತ್ರಿಯೆಲ್ಲ ಹಾಲು ಹಲ್ಲಿಗೆ ಅಂಟಿಕೊಂಡಿದ್ದರೆ ಹೀಗಾಗುತ್ತದೆ ಅಂತ ಹಲ್ಲಿನ ಡಾಕ್ಟರ್ ಹೇಳಿದ ಮೇಲೆಯೇ ನನಗೆ ತಿಳಿದದ್ದು. ಆ ನೋವಿನಲ್ಲಿ ಅವಳು ಬೂತಾಯಿ ಮೀನಿನ ಮೆತ್ತನೆಯ ತುಂಡನ್ನೂ ಜಗಿಯಲಿಲ್ಲ. ನೀವು ಅಷ್ಟು ದೂರ ಹೋಗಲು ಬಿಡಬೇಡಿ.

ಮೊಬೈಲ್ ಬಿಡಿಸುವಾಗ ಮೊದಲ ಮೂರು ದಿನ ಕಷ್ಟ. ಅಳುತ್ತಾನೆ, ಕಡಿಮೆ ತಿನ್ನುತ್ತಾನೆ. ಆಗ ಅಜ್ಜಿಗೆ ಕರುಣೆ ಬಂದು ಬಿಸ್ಕೆಟ್ ಕೊಟ್ಟರೆ ಎಲ್ಲ ಮೊದಲಿನಂತೆಯೇ ಆಗುತ್ತದೆ. ಹಾಗಾಗಿ ಶುರುಮಾಡುವ ಮೊದಲೇ ಅತ್ತೆ ಮಾವನ ಹತ್ತಿರ ಕೂತು ಮಾತಾಡಿ.

ಕುಂಬಳೆಯಿಂದ ಒಬ್ಬರು:

ನನ್ನ ಮಗುವಿಗೆ ಎಂಟು ತಿಂಗಳು. ಅಮೃತಂ ಪುಡಿಯ ಮಣ್ಣಿಗೆ ಒಂದು ಚಮಚ ಕಾಡುಜೇನು ಹಾಕಬಹುದಾ?

ಬದಿಯಡ್ಕ ಕಡೆಯ ಅಂಗನವಾಡಿ ಟೀಚರ್:

ಬೇಡವೇ ಬೇಡ. ಒಂದು ವರ್ಷ ತುಂಬುವವರೆಗೆ ಯಾವ ಜೇನನ್ನೂ ನೆಕ್ಕಿಸಬಾರದು. ಅದರಲ್ಲಿರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾ ಸಣ್ಣ ಮಗುವಿನ ಕರುಳಿನಲ್ಲಿ ಬೆಳೆದು ವಿಷ ಮಾಡುತ್ತದೆ. ಕಾಸಿದರೂ ಅದರ ಬೀಜಾಣು ಸಾಯುವುದಿಲ್ಲ.

ಪೆರ್ಲದ ಸೊಸೆ:

ಹನ್ನೆರಡು ದಿನದ ನಂತರ ಬರೆಯುತ್ತಿದ್ದೇನೆ. ಲೋಟ ಅಳೆದೆ, 220 ಮಿಲಿ! ಹತ್ತು ಗಂಟೆಯ ಹಾಲನ್ನು ಪೂರ್ತಿ ನಿಲ್ಲಿಸಿದೆ. ಅತ್ತೆಗೆ ಮೊದಲು ಬೇಸರವಾಯಿತು. ಟೀಚರ್ ಬರೆದದ್ದನ್ನು ಓದಿ ಹೇಳಿದ ಮೇಲೆ ಒಪ್ಪಿದರು. ಮಾವ ಈಗ ಬಿಸ್ಕೆಟ್ ಬದಲು ನೇಂದ್ರ ಬಾಳೆಹಣ್ಣು ತರುತ್ತಾರೆ. ಮಗನಿಗೂ ಅವರ ಪಕ್ಕದಲ್ಲೇ ಒಂದು ತುಂಡು ಬಾಳೆಲೆ ಹಾಕುತ್ತೇವೆ. ಎರಡು ದಿನ ಮೊಬೈಲಿಗಾಗಿ ಅತ್ತ. ಆಮೇಲೆ ಮಾವ ಸಾಂಬಾರಿನ ನುಗ್ಗೆಕೋಡು ಚೀಪುವುದನ್ನು ನೋಡಿ ತಾನೂ ಕೈಚಾಚಿದ. ನಿನ್ನೆ ಒಂದೂವರೆ ನೀರುದೋಸೆಯನ್ನು ತನ್ನ ಕೈಯಿಂದಲೇ ತಿಂದ. ನನಗೆ ಕಣ್ಣೀರೇ ಬಂತು. ತೊಂಡೆಕಾಯಿ ಈಗಲೂ ಉಗುಳುತ್ತಾನೆ. ರಾತ್ರಿ ಬಾಟಲಿ ಮಾತ್ರ ಬಿಡಿಸಲು ಆಗಲಿಲ್ಲ. ಉಪ್ಪಳದ ಅಕ್ಕ, ನೀವು ಹೇಗೆ ಬಿಡಿಸಿದಿರಿ?

ಉಪ್ಪಳದ ಅಮ್ಮ:

ದಿನಾ ಸ್ವಲ್ಪ ಹಾಲು ಕಡಿಮೆ ಮಾಡಿ ಅಷ್ಟೇ ನೀರು ಸೇರಿಸುತ್ತಾ ಬಂದೆ. ಎರಡು ವಾರದಲ್ಲಿ ಬಾಟಲಿಯಲ್ಲಿ ಬರೀ ನೀರು. ಒಂದು ರಾತ್ರಿ ಅವಳೇ ಬೇಡ ಅಂದಳು. ರಾತ್ರಿಯ ಹಾಲನ್ನು ಊಟದ ಜೊತೆಗೇ ಲೋಟದಲ್ಲಿ ಕೊಟ್ಟು, ಹಲ್ಲುಜ್ಜಿ ಮಲಗಿಸಿ.